ಲೇಬರ್ ವಾರ್ಡಿನ ಆತಂಕ: ಟ್ರೇಯಿಂದ ಶುರು ಮಾಡಿದ್ದು

ಮಂಡ್ಯ ಕಡೆಯ ಹೆರಿಗೆ ವಾರ್ಡುಗಳಲ್ಲಿ ನೈಟ್ ಡ್ಯೂಟಿ ಇದ್ದ ದಿನ ಸಂಜೆಯಿಂದಲೇ ಸಿಸ್ಟರ್‌ಗಳಿಗೆ ಊಟ ಸೇರುವುದಿಲ್ಲ. ಈ ಆತಂಕಕ್ಕೆ ಪ್ರಾಣಾಯಾಮ ಮಾಡಿ ಅನ್ನುತ್ತಾರೆ. ಮಾಡಲಿ, ಬೇಡವೆನ್ನುವುದಿಲ್ಲ. ಆದರೆ ಫಿಟ್ಸ್ ಬಂದ ಬಸುರಿಯ ಮುಂದೆ ಕೈ ನಡುಗದಿರಬೇಕಾದರೆ ಔಷಧಿ ಎಲ್ಲಿದೆ, ಎಷ್ಟು ಎಳೆಯಬೇಕು ಅನ್ನುವುದು ಕಣ್ಣೆದುರೇ ಇರಬೇಕು.

ಹಾಗಾಗಿ ನಾನು ಮೊದಲು ಕೈ ಹಾಕಿದ್ದು ಎಮರ್ಜೆನ್ಸಿ ಟ್ರೇಗೆ. ಫಿಟ್ಸ್ ತಡೆಯುವ ಔಷಧಿ ಮ್ಯಾಗ್ನೀಷಿಯಂ ಸಲ್ಫೇಟ್. ಅದರ ಶೇ. 50ರ 2 ಎಂಎಲ್ ಆಂಪ್ಯೂಲಿನಲ್ಲಿ 1 ಗ್ರಾಂ ಇರುತ್ತದೆ. 4 ಆಂಪ್ಯೂಲ್ ಅಂದರೆ 8 ಎಂಎಲ್. ಅದಕ್ಕೆ 12 ಎಂಎಲ್ ನಾರ್ಮಲ್ ಸಲೈನ್ ಸೇರಿಸಿ, 20 ಎಂಎಲ್ ಸಿರಿಂಜಿನಲ್ಲಿ ನಿಧಾನವಾಗಿ ಐವಿ, ಅಂದರೆ ರಕ್ತನಾಳಕ್ಕೆ. ಆಮೇಲೆ ಎರಡೂ ಪೃಷ್ಠಕ್ಕೆ 5 ಗ್ರಾಂನಂತೆ ಐಎಂ, ಅಂದರೆ ಸ್ನಾಯುವಿಗೆ. ಒಟ್ಟು 14 ಆಂಪ್ಯೂಲ್. ಈ ಲೆಕ್ಕ ಬರೆದ ಚೀಟಿ ಟ್ರೇ ಮುಚ್ಚಳದ ಒಳಬದಿಗೆ ಅಂಟಿಸಿದೆ. ಪಕ್ಕದಲ್ಲೇ ಕ್ಯಾಲ್ಸಿಯಂ ಗ್ಲುಕೋನೇಟ್, ಮ್ಯಾಗ್ನೀಷಿಯಂ ಹೆಚ್ಚಾಗಿ ಉಸಿರಾಟ ಕುಸಿದರೆ ಬೇಕಾಗುವುದು ಅದೇ. ಹೆರಿಗೆಯಾದ ಮೇಲೆ ರಕ್ತಸ್ರಾವ ತಡೆಯಲು ಕೊಡುವ ಆಕ್ಸಿಟೋಸಿನ್ ಮಾತ್ರ 2ರಿಂದ 8 ಡಿಗ್ರಿಯಲ್ಲಿರಬೇಕು, ಅದು ಫ್ರಿಜ್ಜಿನಲ್ಲಿ. ಎಡವಟ್ಟಾಗುವುದು ಪಕ್ಕದ ವಾರ್ಡಿನವರು ಎರಡು ಆಂಪ್ಯೂಲ್ ಕೈಗಡ ಒಯ್ದಾಗ. ಅದಕ್ಕೇ ಪ್ರತಿ ಶಿಫ್ಟಿನಲ್ಲೂ ಎಣಿಸಿ ಸಹಿ.

ಶಿಫ್ಟ್ ಮುಗಿದಾಗ ಮುಂದಿನವರಿಗೆ ಒಪ್ಪಿಸುವ ಹ್ಯಾಂಡೋವರ್ ಮೇಜಿನ ಬಳಿ ಬೇಡ, ಹಾಸಿಗೆಯ ಬಳಿಯೇ ಆಗಲಿ. ಕೊನೆಯ ಬಿ.ಪಿ., ಮಗುವಿನ ಹೃದಯ ಬಡಿತ ನೋಡಿದ ಹೊತ್ತು, ಕೊಟ್ಟ ಔಷಧಿ, ಬಾಕಿ ಕೆಲಸ. ಈ ‘ಬಾಕಿ’ಯನ್ನು ಬರೆದು ಒಪ್ಪಿಸದಿದ್ದರೆ ಬಸ್ಸಿನಲ್ಲಿ ಕೂತ ಮೇಲೆ ‘ಅಕ್ಕಾ, ಆರನೇ ಬೆಡ್ಡಿನವರ ಯೂರಿನ್ ಅಳತೆ ಬರೆದಿದ್ದೆನಾ ನೋಡಿ’ ಎಂಬ ಫೋನು. ನಿದ್ದೆ ಕೆಡಿಸುವುದು ಬಹುಪಾಲು ಇದೇ.

ಮಗು ಉಳಿಯದ ಹೆರಿಗೆಯ ನಂತರ, ಹೆರಿಗೆ ಮಾಡಿಸಿದವರ ಬೆಡ್‌ಗಳನ್ನು ಇನ್ನೊಬ್ಬರು ಸ್ವಲ್ಪ ಹೊತ್ತು ನೋಡಿಕೊಳ್ಳಬೇಕು. ಆಗಲೇ ವಿಚಾರಣೆ ಶುರು ಮಾಡಬಾರದು. ಮನೆಯವರ ಹತ್ತಿರ ಡಾಕ್ಟರ್ ಮಾತಾಡಲಿ. ಹೊಸ ಸಿಸ್ಟರನ್ನು ಒಬ್ಬಳೇ ಕಳಿಸುವುದು ತಪ್ಪು.

ಇಷ್ಟಾದರೂ ಎದೆಬಡಿತ, ನಿದ್ದೆಗೇಡು ಬಿಡದಿದ್ದರೆ ಆತಂಕ ಎಷ್ಟಿದೆ ಎಂದು ಅಳೆಯುವ ಜಿಎಡಿ-7 ಪ್ರಶ್ನಾವಳಿ ಇದೆ. ಕಳೆದ ಎರಡು ವಾರಗಳ ಬಗ್ಗೆ 7 ಪ್ರಶ್ನೆ, ಒಂದೊಂದಕ್ಕೆ 0ರಿಂದ 3 ಅಂಕ. ಒಟ್ಟು 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರನ್ನು ಕಾಣುವುದೇ ಸರಿ. ಇದನ್ನು ಮನೆಯಲ್ಲೇ ತುಂಬಬೇಕು. ಮೇಲಿನವರು ಕೈಗೆ ಕೊಟ್ಟು ವಾಪಸ್ ಕೇಳಿದರೆ ಎಲ್ಲರೂ ಸೊನ್ನೆ ಹಾಕುತ್ತಾರೆ! ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.