ಏಪ್ರಿಲ್ ಚಾಟ್ನಿ: ಹಿತ್ತಲ ದ್ರಾಕ್ಷಿ ಬಳ್ಳಿಯ ಹತ್ತಿರ ನಿಂತು ಪ್ರಾರ್ಥಿಸುವುದು ಹೇಗೆ

ನಮ್ಮ ವಿಜಯಪುರದ ಕಡೆ ದ್ರಾಕ್ಷಿ ಬಳ್ಳಿ ಸವರುವುದಕ್ಕೆ ಚಾಟ್ನಿ ಅನ್ನುತ್ತೇವೆ. ವರ್ಷಕ್ಕೆ ಎರಡು ಸಲ, ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ. ಯೇಸು ತನ್ನನ್ನು ದ್ರಾಕ್ಷಿ ಬಳ್ಳಿ, ನಮ್ಮನ್ನು ಅದರ ಕೊಂಬೆಗಳು ಅನ್ನುವ, ಬೈಬಲಿನ ಯೋಹಾನನ ಸುವಾರ್ತೆಯ 15ನೇ ಅಧ್ಯಾಯವನ್ನು ಚಿಕ್ಕಂದಿನಿಂದ ಓದಿದ್ದೇನೆ. ಅದು ನನಗೆ ಅರ್ಥವಾದದ್ದು ಮಾತ್ರ ಹಿತ್ತಲಲ್ಲಿ ಒಂದು ಬಳ್ಳಿ ಹಾಕಿದ ಮೇಲೆ. ನಿಮಗೂ ಜಾಗ ಇದ್ದರೆ ಒಂದು ಹಾಕಿ. ಬೆಳೆಸುವ ರೀತಿ, ಅದರ ಹತ್ತಿರ ನಿಂತು ಪ್ರಾರ್ಥಿಸುವ ರೀತಿ, ಎರಡನ್ನೂ ಹೇಳುತ್ತೇನೆ.

ದಿನಕ್ಕೆ ಆರೇಳು ತಾಸು ಬಿಸಿಲು ಬೀಳುವ ಕಡೆ 2 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ ಮುಚ್ಚಿ. ಎರೆಮಣ್ಣಾದರೆ ಸ್ವಲ್ಪ ಮರಳೂ ಸೇರಿಸಿ, ನೀರು ನಿಲ್ಲಬಾರದು. ನರ್ಸರಿಯಲ್ಲಿ ಕಸಿ ಕಟ್ಟಿದ ಸಸಿಯನ್ನೇ ಕೇಳಿ. ಪಕ್ಕದಲ್ಲಿ ಒಂದು ಕೋಲು ನೆಟ್ಟು ಒಂದೇ ಚಿಗುರನ್ನು ಮೇಲೆ ಕಟ್ಟಿಕೊಂಡು ಹೋಗಬೇಕು. ಪಕ್ಕದ ಚಿಗುರುಗಳನ್ನು ಚಿವುಟುತ್ತಾ ಇರಿ. ಅದು ಚಪ್ಪರ ಮುಟ್ಟಿದಾಗ ತುದಿ ಚಿವುಟಿದರೆ ಎರಡು ಕಡೆಗೆ ಎರಡು ತೋಳು ಹೊರಡುತ್ತವೆ.

ಹೊಸದಾಗಿ ವಿಶ್ವಾಸಕ್ಕೆ ಬಂದವರಿಗೂ ನಾನು ಇದನ್ನೇ ಹೇಳುತ್ತೇನೆ. ಮೊದಲ ವರ್ಷ ಒಂದೇ ಅಭ್ಯಾಸ ಹಿಡಿಯಿರಿ. ಬೆಳಿಗ್ಗೆ ಹತ್ತು ನಿಮಿಷ, ಮಾರ್ಕನ ಸುವಾರ್ತೆ, ಅಷ್ಟೇ. ಗಾಯನ ತಂಡ, ಯುವಕರ ಕೂಟ, ಉಪವಾಸ ಕೂಟ ಎಲ್ಲದಕ್ಕೂ ಒಟ್ಟಿಗೆ ಹೆಸರು ಕೊಡಬೇಡಿ. ಕಾಂಡ ಗಟ್ಟಿಯಾಗಲಿ.

ಈಗ ಏಪ್ರಿಲ್ ಚಾಟ್ನಿ. ಬಿಸಿಲು 40 ಡಿಗ್ರಿ ಮುಟ್ಟುವ ಹೊತ್ತು ಅದು. ಹೋದ ಹಂಗಾಮಿನ ಪ್ರತಿ ಕಡ್ಡಿಯಲ್ಲೂ ಬುಡದ ಒಂದು ಕಣ್ಣು (ಚಿಗುರೊಡೆಯುವ ಮೊಗ್ಗು) ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಬೇಕು. ಕತ್ತರಿ ಹರಿತವಾಗಿರಲಿ, ಇಲ್ಲದಿದ್ದರೆ ಕಡ್ಡಿ ಜಜ್ಜಿ ಹೋಗುತ್ತದೆ. ಕಣ್ಣಿನಿಂದ ಅರ್ಧ ಇಂಚು ಮೇಲೆ ಕತ್ತರಿಸಿ. ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಹಚ್ಚಿ. ಮುಗಿಸಿ ಹಿಂದೆ ಸರಿದು ನೋಡಿದರೆ ಚಪ್ಪರದ ಮೇಲೆ ಬೋಳು ತೋಳುಗಳಷ್ಟೇ ಇರುತ್ತವೆ. ನೆರಳೂ ಇಲ್ಲ.

ಆರು ವರ್ಷದ ಹಿಂದೆ ಇಂಥದೇ ಏಪ್ರಿಲ್‌ಗೆ ಸ್ವಲ್ಪ ಮುಂಚೆ ನಮ್ಮ ಯಜಮಾನರಿಗೆ ಲಕ್ವ ಹೊಡೆಯಿತು. 22 ವರ್ಷದಿಂದ ನಡೆಸುತ್ತಿದ್ದ ಸಂಡೇ ಸ್ಕೂಲ್ ಬಿಟ್ಟೆ. ಮಹಿಳೆಯರ ಕೂಟ ಬಿಟ್ಟೆ. ಭಾನುವಾರದ ಆರಾಧನೆಗೆ ಹೋಗುವುದೂ ತಪ್ಪಿತು. ಚಾಟ್ನಿ ಮಾಡಲು ಬಂದ ಹುಡುಗ ಬಳ್ಳಿಯನ್ನು ಬೋಳಿಸಿ ಹೋದಾಗ ನನಗೆ ನೋಡಲಾಗಲಿಲ್ಲ. ಪಾಪ ಅನ್ನಿಸಿ ದಿನಾ ಎರಡು ಬಕೆಟ್ ನೀರು ಹಾಕಿದೆ, ಯೂರಿಯಾ ಹಾಕಿದೆ. ಚಿಗುರು ಹುಚ್ಚು ಹಿಡಿದ ಹಾಗೆ ಬೆಳೆಯಿತು. ಜೂನ್‌ನಲ್ಲಿ ಆ ಹುಡುಗ ಬಂದವನು ಚಪ್ಪರ ನೋಡಿ ಸುಮ್ಮನೆ ನಿಂತ. ಆಮೇಲೆ ಹೇಳಿದ: "ಅಕ್ಕಾರ, ಗೊನಿ ಅಕ್ಟೋಬರ್‌ದಾಗ ಹುಟ್ಟೂದಿಲ್ರೀ. ಈಗ ಈ ಕಣ್ಣೊಳಗ ಹುಟ್ಟತೈತ್ರಿ. ಆವಾಗ ಬರೇ ಹೊರಗ ಬರತೈತಿ."

ಅವನು ಹೇಳಿದ್ದು ನಿಜ. ಏಪ್ರಿಲ್ ಚಾಟ್ನಿ ಆಗಿ ಸುಮಾರು 40ರಿಂದ 60 ದಿನದೊಳಗೆ ಹೊಸ ಕಡ್ಡಿಯ ಕಣ್ಣುಗಳಲ್ಲಿ ಮುಂದಿನ ಗೊನೆ ರೂಪ ತಾಳುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ. ದೊಡ್ಡ ತೋಟದವರು ಕಣ್ಣುಗಳನ್ನು ಲ್ಯಾಬಿಗೆ ಕಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸುತ್ತಾರೆ. ಆ ದಿನಗಳಲ್ಲಿ ಕಡ್ಡಿಗೆ ಬಿಸಿಲು ತಾಗಬೇಕು. ಒತ್ತೊತ್ತಾದ ಚಿಗುರು ತೆಗೆಯಿರಿ, ತುದಿ ಚಿವುಟಿ, ನೀರು ಕಡಿಮೆ ಮಾಡಿ, ಯೂರಿಯಾ ಮುಟ್ಟಲೇಬೇಡಿ. ತೇವ ಜಾಸ್ತಿಯಾದರೆ ಬರೀ ಎಲೆ. ಆ ವರ್ಷ ನನ್ನ ಬಳ್ಳಿಯಲ್ಲಿ ಬಿಟ್ಟಿದ್ದು ಮೂರೇ ಗೊನೆ.

ಬದುಕಿನಲ್ಲಿ ಇಂಥ ತಿಂಗಳುಗಳು ಬಂದಾಗ ಏನು ಮಾಡಬೇಕು? ನಾನು ಮಾಡಿದ್ದನ್ನು ಹೇಳುತ್ತೇನೆ. ಖಾಲಿತನ ತುಂಬಿಸಲು ಮೊದಮೊದಲು ದಿನವಿಡೀ ಯೂಟ್ಯೂಬ್‌ನಲ್ಲಿ ಬೈಬಲ್ ಪ್ರಸಂಗ ಹಾಕಿಕೊಂಡು ಕೂರುತ್ತಿದ್ದೆ. ಅದನ್ನು ನಿಲ್ಲಿಸಿದೆ. ದಿನಕ್ಕೆ ಬೈಬಲಿನ ಒಂದೇ ಕೀರ್ತನೆ ಸಾಕು. ನನಗೆ 13ನೇ ಕೀರ್ತನೆ ಹಿಡಿಸಿತು. ಆರೇ ವಚನ, "ಇನ್ನೆಷ್ಟು ದಿನ" ಅಂತ ದೇವರನ್ನೇ ಕೇಳುವ ಪ್ರಾರ್ಥನೆ. ಜೋರಾಗಿ ಓದಿ. ದೇವರ ಮುಂದೆ ಚೆನ್ನಾಗಿದ್ದೇನೆ ಅಂತ ನಟಿಸಬೇಡಿ. ಬೆಳಿಗ್ಗೆ ಬಳ್ಳಿಯ ಹತ್ತಿರ ಹೋಗಿ ಒಂದು ಕಣ್ಣನ್ನು ಬೆರಳಿನಿಂದ ಮುಟ್ಟಿ, ಒಂದು ನಿಮಿಷ ನಿಲ್ಲಿ. ಮಾತು ಬಾರದ ದಿನ ಅದೇ ನನ್ನ ಪ್ರಾರ್ಥನೆ ಆಗಿತ್ತು.

ಬೈಬಲಿನ ಗಲಾತ್ಯ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಬರುವ ಪವಿತ್ರಾತ್ಮನ ಫಲಗಳ ಪಟ್ಟಿಯನ್ನು ನೂರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಅದರಲ್ಲಿನ ದೀರ್ಘಶಾಂತಿ (ತಾಳ್ಮೆ) ಅಂದರೇನು ಅಂತ ತಿಳಿದದ್ದು, ಒಂದು ತುತ್ತು ಗಂಜಿ ಯಜಮಾನರ ಗಂಟಲಲ್ಲಿ ಇಳಿಯುವವರೆಗೆ ಚಮಚ ಹಿಡಿದು ಕಾಯುವಾಗ.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಆಗ ಒಬ್ಬರು ಮನೆಗೆ ಬಂದು, "ದೇವರೇ ನಿಮ್ಮನ್ನು ಸವರುತ್ತಿದ್ದಾನೆ" ಅಂದರು. ಬಹಳ ನೋವಾಯಿತು. ಲಕ್ವ ದೇವರ ಕತ್ತರಿ ಅಂತ ನಾನು ನಂಬುವುದಿಲ್ಲ. ಉಳಿದ ಒಂದು ಕಣ್ಣನ್ನು ಆತ ಕೈಬಿಡಲಿಲ್ಲ ಅಂತ ನಂಬುತ್ತೇನೆ. ಯೋಹಾನನಲ್ಲಿ ತೋಟಗಾರ ತಂದೆ, ನಾವು ಕೊಂಬೆಗಳು. ಇನ್ನೊಂದು ಕೊಂಬೆಯ ಕಡೆಗೆ ಕತ್ತರಿ ಹಿಡಿಯುವ ಕೆಲಸ ಕೊಂಬೆಗಿಲ್ಲ, ಅಲ್ವಾ? ಗ್ರೀಕ್ ಮೂಲದಲ್ಲಿ ಸವರುವುದಕ್ಕೆ ಇರುವ ಮಾತು, ಮುಂದಿನ ವಚನದಲ್ಲಿ ಯೇಸು ಶಿಷ್ಯರಿಗೆ "ನೀವು ಈಗಾಗಲೇ ಶುದ್ಧರು" ಅನ್ನುವ ಮಾತು, ಎರಡೂ ಒಂದೇ ಬೇರಿನವು. ಅಂದರೆ ಅಲ್ಲಿ ಸವರುವುದೆಂದರೆ ಶುದ್ಧ ಮಾಡುವುದು. ನೊಂದವರ ಮನೆಗೆ ಹೋದರೆ ಗಂಜಿ ಒಯ್ಯಿರಿ.

ಅಕ್ಟೋಬರ್ ಚಾಟ್ನಿ ಸುಲಭ. ಕಡ್ಡಿಗೆ ಆರರಿಂದ ಎಂಟು ಕಣ್ಣು ಬಿಟ್ಟು ಕತ್ತರಿಸಿ. ಸುಮಾರು ನಾಲ್ಕು ತಿಂಗಳಿಗೆ ಹಣ್ಣು. ಚಿಗುರಿನ ಹೊತ್ತಿಗೆ ಮಳೆ ಬಂದರೆ ಡೌನಿ ರೋಗ (ಎಲೆಗೆ ಬೂಷ್ಟು ಹಿಡಿಯುವ ರೋಗ) ಬರುತ್ತದೆ, ಅದಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ: ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ. ಬೇರೆಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಿ, ಪ್ಲಾಸ್ಟಿಕ್ ಬಕೆಟ್‌ನಲ್ಲೇ. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಕಡಿಮೆಯಾಗಿದೆ ಅಂತ ಅರ್ಥ. ಹಣ್ಣು ಬಿಡದ ವರ್ಷ ಬಳ್ಳಿ ಕಿತ್ತು ಹಾಕಬೇಡಿ. ಲೂಕನ 13ನೇ ಅಧ್ಯಾಯದ ತೋಟಗಾರ ಮೂರು ವರ್ಷ ಫಲ ಕೊಡದ ಅಂಜೂರದ ಗಿಡಕ್ಕೆ ಇನ್ನೊಂದು ವರ್ಷ ಕೇಳಿಕೊಂಡ. ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಅಂದ. ನೀವೂ ಅಷ್ಟು ಮಾಡಿ, ಗಿಡಕ್ಕೂ, ನಿಮಗೂ.

ಈ ವರ್ಷದ ಚಾಟ್ನಿಗೆ ಕತ್ತರಿ ಸಾಣೆ ಹಿಡಿಸಿ ತಂದಿದ್ದೇನೆ. ಯಜಮಾನರು ಈಗ ಚಪ್ಪರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಎಡಗೈಯಲ್ಲಿ ಊರುಗೋಲು ಎತ್ತಿ ಅದರ ತುದಿಯಿಂದ ಕಣ್ಣು ತೋರಿಸುತ್ತಾರೆ. ನಾನು ಅಲ್ಲಿ ಕತ್ತರಿಸುತ್ತೇನೆ.