ಸಾರಿನಲ್ಲಿ ಬೇಳೆ ಎಷ್ಟಿದೆ?

ನಮ್ಮದು ತಲೆಮಾರುಗಳಿಂದ ಸಸ್ಯಾಹಾರಿ ಮನೆ. ಅಜ್ಜ ಅಜ್ಜಿ ಹಾಸನದ ಕಡೆ ಹಳ್ಳಿಯಲ್ಲಿ ಗದ್ದೆ, ಹೊಲ ನೋಡಿಕೊಂಡಿದ್ದವರು. ನಾವು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದ್ದೇವೆ. ಹೆಂಡತಿಗೆ ಬೆಳಗಿನ ಶಿಫ್ಟ್, ಹಾಗಾಗಿ ಅಡುಗೆ ನನ್ನ ಪಾಲಿನದು. ಅಮ್ಮನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಅವರಿಗೆ ಅಂಗಾಲು ಜೋಮು ಹಿಡಿಯುತ್ತಿದೆ ಅಂತ ರಕ್ತ ಪರೀಕ್ಷೆ ಮಾಡಿಸುವಾಗ ನಾನೂ ಮಾಡಿಸಿಕೊಂಡೆ. ಅಮ್ಮನ ಬಿ12 ವಿಟಮಿನ್ ತುಂಬಾ ಕಡಿಮೆ ಇತ್ತು. ನನ್ನ ಎಚ್‌ಬಿಎ1ಸಿ 6.1 ಬಂತು. ಹಿಂದಿನ ಎರಡು ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ತೋರಿಸುವ ಪರೀಕ್ಷೆ ಅದು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಅಂತ ಅರ್ಥ.

ಬಿ12, ಪ್ರೋಟೀನ್ ಎರಡಕ್ಕೂ ಮೊಟ್ಟೆ ತಿಂದರೆ ಸುಲಭ ಅಂತ ಡಾಕ್ಟರು ಹೇಳಿದರು. ಅವರು ಹೇಳಿದ್ದು ಸರಿಯೇ. ಆದರೆ ನಮ್ಮ ಮನೆಯಲ್ಲಿ ಅದು ಆಗುವ ಮಾತಲ್ಲ, ನನಗೂ ಮನಸ್ಸಿರಲಿಲ್ಲ. ಸಸ್ಯಾಹಾರದಲ್ಲೇ ಇದ್ದುಕೊಂಡು ಏನೇನು ಸರಿ ಮಾಡಬಹುದು ಅಂತ ನೋಡಲು ಹೊರಟೆ.

ಮೊದಲು ಒಂದು ಅಡುಗೆ ತಕ್ಕಡಿ ತಂದೆ. ರಾತ್ರಿ ಸಾರಿಗೆ ಎಂದಿನಂತೆ ತೊಗರಿಬೇಳೆ ತೆಗೆದುಕೊಂಡು ತೂಗಿದೆ. ನಾಲ್ಕು ಜನಕ್ಕೆ 60 ಗ್ರಾಂ. ತೊಗರಿಬೇಳೆಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಅಂದರೆ ಇಡೀ ಪಾತ್ರೆಯಲ್ಲಿ 13 ಗ್ರಾಂ, ಒಬ್ಬೊಬ್ಬರ ಪಾಲಿಗೆ ಮೂರು ಚಿಲ್ಲರೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ತೂಕದ ಒಂದೊಂದು ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ. ಇರುವವರಿಗೆ ಸುಮಾರು 50 ಗ್ರಾಂ. ಉಳಿದದ್ದು ಎಲ್ಲಿಂದ ಬರಬೇಕು? ತಟ್ಟೆಯಲ್ಲಿ ಇದ್ದದ್ದು ಅನ್ನ, ಆಲೂಗಡ್ಡೆ ಪಲ್ಯ, ಹಪ್ಪಳ, ಕೊನೆಗೆ ನೀರು ಮಜ್ಜಿಗೆ.

ಅಕ್ಕಿಯಲ್ಲೂ ಪ್ರೋಟೀನ್ ಇದೆ, ಆದರೆ ಅದರಲ್ಲಿ ಲೈಸಿನ್ ಎಂಬ ಪ್ರೋಟೀನಿನ ಒಂದು ಘಟಕ ಕಡಿಮೆ. ಬೇಳೆಕಾಳಿನಲ್ಲಿ ಲೈಸಿನ್ ಚೆನ್ನಾಗಿದೆ, ಮೆಥಿಯೋನಿನ್ ಎಂಬ ಇನ್ನೊಂದು ಘಟಕ ಕಡಿಮೆ. ಎರಡೂ ಸೇರಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಹಾಗಾಗಿ ಅನ್ನ-ಬೇಳೆ ಒಳ್ಳೆಯ ಜೋಡಿ ಅನ್ನೋದು ನಿಜ. ಆದರೆ ಬೇಳೆ ಹೆಸರಿಗಷ್ಟೇ ಇದ್ದರೆ ಆ ಜೋಡಿಯಿಂದ ಏನು ಪ್ರಯೋಜನ ಹೇಳಿ.

ಹಳ್ಳಿಯ ಊಟ ಹೀಗಿರಲಿಲ್ಲ. ಹುರುಳಿ, ಅಲಸಂದೆ, ಹೆಸರು, ಅವರೆ ಯಾವುದಾದರೊಂದು ದಿನಾ ಇರುತ್ತಿತ್ತು. ಜೊತೆಗೆ ಮೈಮುರಿಯುವ ಕೆಲಸ. ಪಟ್ಟಣಕ್ಕೆ ಬಂದ ಮೇಲೆ ಕೆಲಸ ಕುರ್ಚಿಗೆ ಬಂತು. ಕಾಳು ಹಿಂದಿನ ದಿನವೇ ನೆನೆಸಬೇಕು, ಅಷ್ಟು ವ್ಯವಧಾನ ಯಾರಿಗಿದೆ ಅಂತ ಅದು ಮೆಲ್ಲಗೆ ಬಿಟ್ಟುಹೋಯಿತು. ಅಕ್ಕಿ, ರವೆ, ಮೈದಾ, ಸಕ್ಕರೆ ಮಾತ್ರ ಉಳಿದುಕೊಂಡವು. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಅದೂ ಹಳ್ಳಿಗಿಂತ ಪಟ್ಟಣದಲ್ಲಿ ಜಾಸ್ತಿ. ಮಾಂಸ ತಿನ್ನದ ಮಾತ್ರಕ್ಕೆ ನಮ್ಮ ಊಟ ಆರೋಗ್ಯದ್ದು ಅಂತ ನಂಬಿಕೊಂಡು ಕೂರುವ ಹಾಗಿಲ್ಲ.

2024ರ ಐಸಿಎಂಆರ್ ಆಹಾರ ಮಾರ್ಗಸೂಚಿಯನ್ನು ಅಳತೆಗೋಲಾಗಿ ಇಟ್ಟುಕೊಂಡೆ. 2000 ಕ್ಯಾಲೊರಿಯ ಊಟಕ್ಕೆ ಅದು ಹೇಳೋದು ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 300 ಮಿ.ಲೀ. ಹಾಲು ಅಥವಾ ಮೊಸರು, 35 ಗ್ರಾಂ ಬೀಜಗಳು. ಬೇಳೆಕಾಳು 85 ಗ್ರಾಂ! ನಾವು ಅದರ ಅರ್ಧವೂ ತಿನ್ನುತ್ತಿರಲಿಲ್ಲ.

ಈಗ ರಾತ್ರಿ ಪಾತ್ರೆ ತೊಳೆದ ಮೇಲೆ ಕಾಳು ನೆನೆಹಾಕದೆ ಅಡುಗೆಮನೆ ದೀಪ ಆರಿಸುವುದಿಲ್ಲ. ಅದೊಂದು ಅಭ್ಯಾಸ ಆದರೆ ಮಿಕ್ಕಿದ್ದೆಲ್ಲ ಸಲೀಸು. ಬೆಳಿಗ್ಗೆ ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿಟ್ಟರೆ ಸಂಜೆಗೋ ಮಾರನೇ ದಿನಕ್ಕೋ ಮೊಳಕೆ ಬಂದಿರುತ್ತದೆ. ಮೊಳಕೆ ಬಂದದ್ದನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನಕ್ಕೆ ಚಿಂತೆಯಿಲ್ಲ.

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕೈಹಿಡಿದದ್ದು ಬಸ್ಸಾರು. ಮೊಳಕೆ ಹುರುಳಿಯನ್ನೋ ಅಲಸಂದೆಯನ್ನೋ ಕುಕ್ಕರಿನಲ್ಲಿ ಬೇಯಿಸುತ್ತೇನೆ. ಅದಕ್ಕೆ ಹೆಚ್ಚಿದ ದಂಟಿನ ಸೊಪ್ಪು ಹಾಕಿ ಇನ್ನೊಂದು ಕುದಿ ಕುದಿಸಿ, ಕಟ್ಟನ್ನು ಬಸಿದುಕೊಳ್ಳುತ್ತೇನೆ. ಒಂದು ಹಿಡಿ ಬೆಂದ ಕಾಳು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಸ್ವಲ್ಪ ಕಾಯಿ, ಹುಣಸೆಹಣ್ಣು ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ತಟ್ಟೆಯಲ್ಲಿ ಪಲ್ಯ ಅನ್ನಕ್ಕಿಂತ ಜಾಸ್ತಿ ಇರಬೇಕು, ಅದು ನಾನು ಹಾಕಿಕೊಂಡ ನಿಯಮ.

"ಕಾಳು ಜಾಸ್ತಿ ತಿಂದರೆ ಗ್ಯಾಸ್ ಆಗುತ್ತೆ ಕಣೋ, ಈ ವಯಸ್ಸಿಗೆ ನನಗೆ ಬೇಡ," ಅಂದರು ಅಮ್ಮ. ಅವರ ಮಾತಿನಲ್ಲಿ ಹುರುಳಿದೆ. ಅದಕ್ಕೆ ಮೊದಲು ಹೆಸರುಕಾಳು, ಹೆಸರುಬೇಳೆಯಿಂದ ಶುರು ಮಾಡಿದೆ, ಅವು ಹೊಟ್ಟೆಗೆ ಹಗುರ. ನೆನೆಸಿದ ನೀರನ್ನು ಚೆಲ್ಲುವುದು, ಮೆತ್ತಗೆ ಬೇಯಿಸುವುದು, ಶುಂಠಿ ಇಂಗು ಬಿಡದೆ ಹಾಕುವುದು. ಪ್ರಮಾಣವನ್ನು ವಾರವಾರ ಸ್ವಲ್ಪ ಸ್ವಲ್ಪ ಏರಿಸಿದೆ. ಈಗ ಹುರುಳಿ ಬಸ್ಸಾರು ಮಾಡು ಅಂತ ಅಮ್ಮನೇ ಕೇಳುತ್ತಾರೆ.

ತಿಂಡಿ ಬದಲಾಯಿಸುವುದು ಅಷ್ಟು ಕಷ್ಟ ಆಗಲಿಲ್ಲ. ವಾರದಲ್ಲಿ ಎರಡು ದಿನ ಹೆಸರುಕಾಳಿನ ದೋಸೆ. ಉಪ್ಪಿಟ್ಟು ಮಾಡಿದರೆ ರವೆಯಷ್ಟೇ ಕಾಳು ಮತ್ತು ತರಕಾರಿ. ಚಳಿಗಾಲದಲ್ಲಿ ಅವರೆಕಾಳು ಇರುವಷ್ಟು ದಿನ ಹಬ್ಬ. ಮಕ್ಕಳ ಪಲಾವಿಗೆ ಸೋಯಾ ಚಂಕ್ಸ್ ಹಾಕುತ್ತೇನೆ, ಒಣಗಿದ್ದರಲ್ಲಿ 100 ಗ್ರಾಂಗೆ 50 ಗ್ರಾಂಗೂ ಮೇಲೆ ಪ್ರೋಟೀನ್ ಇರುತ್ತದೆ. ಸಂಜೆ ಬಿಸ್ಕತ್ತಿನ ಬದಲು ಬೇಯಿಸಿದ ಕಡಲೆಕಾಯಿ.

ಊಟದ ಕ್ರಮವನ್ನೂ ಬದಲಿಸಿದೆವು. ಮೊದಲು ಕೋಸಂಬರಿ, ಪಲ್ಯ ಮುಗಿಸಿ ಆಮೇಲೆ ಅನ್ನ. ನಾರು ಮತ್ತು ಪ್ರೋಟೀನ್ ಮೊದಲು ಹೊಟ್ಟೆಗೆ ಹೋದರೆ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ರಾತ್ರಿ ಊಟ ಆದ ಮೇಲೆ ನಾನು, ಅಮ್ಮ ಕಾಂಪೌಂಡಿನಲ್ಲೇ ಕಾಲು ಗಂಟೆ ಓಡಾಡುತ್ತೇವೆ. ರಾಗಿ ಬಗ್ಗೆಯೂ ಒಂದು ಮಾತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಅದರಷ್ಟು ಬೇರೆ ಧಾನ್ಯದಲ್ಲಿ ಸಿಗುವುದಿಲ್ಲ. ಆದರೆ ಅದರಲ್ಲೂ ಪಿಷ್ಟ ತುಂಬಾ ಇದೆ. ಸಕ್ಕರೆ ಇರುವವರು ಎರಡು ದೊಡ್ಡ ಮುದ್ದೆ ತಿಂದು, ಬೆಲ್ಲ ಹಾಕಿದ ರಾಗಿ ಮಾಲ್ಟ್ ಕುಡಿದು ನಿಶ್ಚಿಂತೆಯಾಗಿ ಇರುವುದು ಸರಿಯಲ್ಲ.

ಕಬ್ಬಿಣಾಂಶಕ್ಕೆ ಎರಡೇ ಕೆಲಸ. ಕಾಳು, ಸೊಪ್ಪಿನ ಮೇಲೆ ನಿಂಬೆಹಣ್ಣು ಹಿಂಡುವುದು, ಊಟದ ಜೊತೆಗೆ ಕಾಫಿ ಟೀ ಬಿಡುವುದು. ಗಿಡದಿಂದ ಬರುವ ಕಬ್ಬಿಣವನ್ನು ಸಿ ವಿಟಮಿನ್ ಮೈಗೆ ಹತ್ತಿಸುತ್ತದೆ, ಕಾಫಿ ಟೀ ತಡೆಯುತ್ತವೆ. ಹೆಂಡತಿಗೆ ತಿಂಡಿ ಮುಗಿದ ಕೂಡಲೇ ಫಿಲ್ಟರ್ ಕಾಫಿ ಬೇಕಿತ್ತು. ಈಗ ಆಫೀಸಿಗೆ ಹೋಗಿ ಒಂದು ಗಂಟೆ ಬಿಟ್ಟು ಕುಡಿಯುತ್ತಾಳೆ.

ಇಷ್ಟೆಲ್ಲ ಅಡುಗೆಯಿಂದ ಆಯಿತು. ಬಿ12 ಮಾತ್ರ ಆಗುವುದಿಲ್ಲ. ಇದನ್ನು ಸಸ್ಯಾಹಾರಿಗಳು ಮೊದಲು ಒಪ್ಪಿಕೊಳ್ಳಬೇಕು. ಕಾಳು, ಸೊಪ್ಪು, ಹಣ್ಣು ಯಾವುದರಲ್ಲೂ ಬಿ12 ಇಲ್ಲ. ಹುದುಗಿದ ಇಡ್ಲಿ ಹಿಟ್ಟಿನಲ್ಲಿದೆ, ಸ್ಪಿರುಲಿನಾದಲ್ಲಿದೆ ಅಂತ ಹೇಳುವವರನ್ನು ನಂಬಿ ಕೂರಬೇಡಿ. ಹಾಲು ಮೊಸರಿನಲ್ಲಿ ಇದೆ, ಆದರೆ ಎರಡು ಲೋಟ ಕಾಫಿಗೆ ಹೋಗುವ ಹಾಲು ಸಾಲದು. ವಯಸ್ಸಾದಂತೆ ಮೈಗೆ ಹತ್ತುವುದೂ ಕಡಿಮೆ. ಅಮ್ಮ ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುತ್ತಿದ್ದ ಮೆಟ್‌ಫಾರ್ಮಿನ್ ಅದನ್ನು ಇನ್ನಷ್ಟು ತಗ್ಗಿಸುತ್ತದೆ, ಬಹಳ ದಿನ ತಿನ್ನುವ ಅಸಿಡಿಟಿ ಮಾತ್ರೆಗಳೂ ಹಾಗೆಯೇ. ಇನ್ನೊಂದು ಅಪಾಯ ಇದೆ. ಸೊಪ್ಪು, ಕಾಳಿನಲ್ಲಿ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಚೆನ್ನಾಗಿರುತ್ತದೆ. ಹಾಗಾಗಿ ಬಿ12 ಕುಸಿದಿದ್ದರೂ ರಕ್ತಹೀನತೆ ಕಾಣಿಸದೆ ಹೋಗಬಹುದು, ನರಗಳಿಗೆ ಮಾತ್ರ ಪೆಟ್ಟು ಬೀಳುತ್ತಲೇ ಇರುತ್ತದೆ. ಹಿಮೋಗ್ಲೋಬಿನ್ ಸರಿಯಿದೆ ಅಂದ ಮಾತ್ರಕ್ಕೆ ಸುಮ್ನೆ ಇರಬೇಡಿ, ಬಿ12 ಬೇರೆಯಾಗಿ ನೋಡಿಸಿ. ಅಂಗಾಲು ಜೋಮು, ಮರೆವು, ಸುಸ್ತು, ನಾಲಿಗೆ ಉರಿ ಇದ್ದರಂತೂ ತಡಮಾಡಬೇಡಿ, ನರಕ್ಕೆ ಆದ ಪೆಟ್ಟು ಎಲ್ಲ ಸಲ ಪೂರ್ತಿ ವಾಸಿ ಆಗುವುದಿಲ್ಲ.

ಅಮ್ಮನಿಗೆ ಡಾಕ್ಟರು ಮೊದಲು ಇಂಜೆಕ್ಷನ್ ಕೊಟ್ಟರು, ಆಮೇಲೆ ಮಾತ್ರೆ. ಜೋಮು ಬಹಳ ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ. ನನ್ನ ಎಚ್‌ಬಿಎ1ಸಿ ವರ್ಷ ತುಂಬುವಷ್ಟರಲ್ಲಿ 5.6ಕ್ಕೆ ಇಳಿಯಿತು. ಈಗ ವರ್ಷಕ್ಕೊಮ್ಮೆ ಮನೆಯ ದೊಡ್ಡವರೆಲ್ಲರೂ ಬಿ12, ಡಿ ವಿಟಮಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಎಚ್‌ಬಿಎ1ಸಿ ಪರೀಕ್ಷೆ ಮಾಡಿಸುತ್ತೇವೆ. ಮಾತ್ರೆ ಎಷ್ಟು ಬೇಕು ಅನ್ನೋದನ್ನು ಆ ರಿಪೋರ್ಟ್ ನೋಡಿ ಡಾಕ್ಟರೇ ಹೇಳುತ್ತಾರೆ.