ನೀರಲ್ಲಿ ಪ್ಲಾಸ್ಟಿಕ್ ಎಣ್ಣೆ ಇದೆಯಾ? ಪರೀಕ್ಷೆಗೆ ಕೊಡುವುದು ಹೀಗೆ

ಹೊಸ ಹಸಿರು ಪೈಪಿನ ಸುರುಳಿ ಬಿಚ್ಚಿದಾಗ ಮೂಗಿಗೆ ಬಡಿಯುವ ವಾಸನೆ ನಿಮಗೂ ಗೊತ್ತಿರಬೇಕು. ಬಿಸಿಲಲ್ಲಿ ಬಿದ್ದಿದ್ದ ಪೈಪಿನಿಂದ ಮೊದಲು ಬರುವ ಬೆಚ್ಚನೆ ನೀರಿಗೂ ಅದೇ ವಾಸನೆ. ಟ್ಯಾಂಕರ್ ಬಂದಾಗ ನಮ್ಮ ಮನೆಯ ಸಂಪಿಗೆ ನೀರು ಇಳಿಯುತ್ತಿದ್ದದ್ದು ಅಂಥದ್ದೇ ಪೈಪಿನಲ್ಲಿ. ನನಗೆ ಅನುಮಾನ ಶುರುವಾಗಿದ್ದೂ ಅಲ್ಲಿಂದಲೇ.

ಪಿವಿಸಿ ತಾನಾಗಿ ಗಟ್ಟಿ ವಸ್ತು. ಗೋಡೆಯಲ್ಲಿ ಕೂರಿಸುವ ಪೈಪು ನೋಡಿ, ಬಗ್ಗಿಸಿದರೆ ಮುರಿಯುತ್ತದೆ. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ಮೆತ್ತನೆಯ ಪೈಪಿನ ತೂಕದಲ್ಲಿ ಶೇ 30–40ರಷ್ಟು ಇದೇ ಇರಬಹುದು. ಹಳೆಯ, ಹೆಚ್ಚು ಬಳಕೆಯ ಗುಂಪಿಗೆ ಥ್ಯಾಲೇಟ್ ಎಂದು ಹೆಸರು. ಅದರಲ್ಲಿ ಮುಖ್ಯವಾದದ್ದು ಡಿಇಎಚ್‌ಪಿ. ಇದು ಪ್ಲಾಸ್ಟಿಕ್‌ಗೆ ಬಿಗಿಯಾಗಿ ಅಂಟಿಕೊಂಡಿರುವುದಿಲ್ಲ. ಬಿಸಿ ತಾಗಿದರೆ, ನೀರು ಜಾಸ್ತಿ ಹೊತ್ತು ನಿಂತರೆ ಚೂರುಚೂರು ಹೊರಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ ಅನ್ನಬಹುದು. ಅಂದರೆ ಪೈಪಿನ ಆ ವಾಸನೆ ಅದರದ್ದಲ್ಲ, ವಾಸನೆ ಹೋಯಿತೆಂದು ನೆಮ್ಮದಿಪಡುವ ಹಾಗೂ ಇಲ್ಲ.

ಗಾಬರಿ ಬೇಡ. ಮನೆ ಮೇಲಿನ ಕಪ್ಪು ಟ್ಯಾಂಕು ಪಾಲಿಥಿನ್, ಅದಕ್ಕೆ ಈ ಎಣ್ಣೆ ಬೇಕಿಲ್ಲ. 20 ಲೀಟರ್ ಕ್ಯಾನಿನ ತಳದಲ್ಲಿ 7 ಎಂದಿದ್ದರೆ ಅದು ಸಾಮಾನ್ಯವಾಗಿ ಪಾಲಿಕಾರ್ಬೊನೇಟ್. ಅಲ್ಲಿ ಕೇಳಬೇಕಾದ್ದು ಆ ಪ್ಲಾಸ್ಟಿಕ್ ತಯಾರಿಸಲು ಬಳಸುವ ಬಿಸ್ಫೆನಾಲ್ ಎ ಎಂಬ ರಾಸಾಯನಿಕ, ಅದರ ಪರೀಕ್ಷೆಯೇ ಬೇರೆ.

ಲ್ಯಾಬಿಗೆ ಮೊದಲು ಫೋನ್ ಮಾಡಿ

ಸುಮ್ನೆ "ನೀರು ಟೆಸ್ಟ್ ಮಾಡಿ" ಅಂದರೆ ಗಡಸುತನ, ಫ್ಲೋರೈಡ್, ನೈಟ್ರೇಟ್, ಬ್ಯಾಕ್ಟೀರಿಯಾ ನೋಡಿ ಕೊಡುತ್ತಾರೆ. ಅದರಲ್ಲಿ ಥ್ಯಾಲೇಟ್ ಇರುವುದಿಲ್ಲ. ಮನೆಯ ಟಿಡಿಎಸ್ ಮೀಟರಿಗೂ ಇದು ಕಾಣದು, ಅದು ಕರಗಿದ ಲವಣ ಮಾತ್ರ ಅಳೆಯುತ್ತದೆ. ಹಾಗಾಗಿ ಹೆಸರು ಹೇಳಿಯೇ ಕೇಳಿ: "ನೀರಿನಲ್ಲಿ ಡಿಇಎಚ್‌ಪಿ ನೋಡ್ತೀರಾ? ಜಿಸಿ-ಎಂಎಸ್ ಯಂತ್ರ ಇದೆಯಾ? ಲೀಟರಿಗೆ 1 ಮೈಕ್ರೊಗ್ರಾಂ ಇದ್ದರೂ ಸಿಗುತ್ತಾ?" ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇದ್ದರಷ್ಟೇ ಸಾಲದು, ಆ ಮಾನ್ಯತೆ ಈ ಪರೀಕ್ಷೆಗೂ ಇರಬೇಕು. ಯಾವ ಲ್ಯಾಬಿಗೆ ಯಾವ ಪರೀಕ್ಷೆಯ ಮಾನ್ಯತೆ ಎಂಬ ಪಟ್ಟಿ ಎನ್‌ಎಬಿಎಲ್ ವೆಬ್‌ಸೈಟಿನಲ್ಲೇ ಇದೆ. ಖರ್ಚು ಮಾಮೂಲಿ ಪರೀಕ್ಷೆಗಿಂತ ಜಾಸ್ತಿ, ಮೊದಲೇ ಕೇಳಿಕೊಳ್ಳಿ.

ನೀರು ಹಿಡಿಯುವುದರಲ್ಲೇ ಎಲ್ಲ ಇದೆ

ನಾನು ಮೊದಲ ಸಲ ಜ್ಯೂಸಿನ ಖಾಲಿ ಬಾಟಲಿ ತೊಳೆದು ನೀರು ಒಯ್ದಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ನೋಡಿ, "ಸಾರ್, ಪ್ಲಾಸ್ಟಿಕ್ ಹುಡುಕೋಕೆ ಪ್ಲಾಸ್ಟಿಕ್ ಬಾಟಲೀಲೇ ತಂದಿದ್ದೀರಲ್ಲ" ಅಂತ ವಾಪಸ್ ಕಳಿಸಿದರು. ಮರ್ಯಾದೆ ಹೋದರೂ ಮಾತು ಸರಿಯಾಗಿತ್ತು.

ಗಾಜಿನ ಬಾಟಲಿಯೇ ಬೇಕು. ಕಂದು ಬಣ್ಣದ್ದು, ಮುಚ್ಚಳದ ಒಳಗೆ ಟೆಫ್ಲಾನ್ ಪದರ ಇರುವಂಥದ್ದನ್ನು ಲ್ಯಾಬಿನವರಿಂದಲೇ ಪಡೆಯಿರಿ. ಏನೇ ಹಿಡಿಯುವ ಮೊದಲೂ ಪಾತ್ರೆಯನ್ನು ಒಮ್ಮೆ ಕುಲುಕಿ ಚೆಲ್ಲುವುದು ನಮ್ಮ ಅಭ್ಯಾಸ, ಅಲ್ವಾ? ಇಲ್ಲಿ ಅದು ಬೇಡ. ಈ ಎಣ್ಣೆಗೆ ನೀರಿಗಿಂತ ಗಾಜಿನ ಗೋಡೆ ಇಷ್ಟ. ತೊಳೆದು ಚೆಲ್ಲಿದರೂ ಅಲ್ಲೇ ಅಂಟಿ ಉಳಿದು ಲೆಕ್ಕ ತಪ್ಪಿಸುತ್ತದೆ. ಬಾಟಲಿಯಲ್ಲಿ ಮೊದಲೇ ಪುಡಿ ಹಾಕಿ ಕೊಟ್ಟಿದ್ದರೆ ಅದು ಕ್ಲೋರಿನ್ ಅಡಗಿಸಲು, ಚೆಲ್ಲಬೇಡಿ. ಪ್ಲಾಸ್ಟಿಕ್ ಆಲಿಕೆ ಬೇಡ, ವಿನೈಲ್ ಗ್ಲೌಸ್ ಬೇಡ, ಕೈಗೆ ಕ್ರೀಮ್ ಹಚ್ಚಿರಲೂಬಾರದು.

ಎರಡು ಬಾಟಲಿ ತುಂಬಿಸಿ. ಒಂದು, ರಾತ್ರಿಯಿಡೀ ಪೈಪಿನಲ್ಲಿ ನಿಂತು ಬೆಳಿಗ್ಗೆ ಮೊದಲು ಬರುವ ನೀರು. ಇನ್ನೊಂದು, ಐದಾರು ನಿಮಿಷ ಹರಿಸಿದ ಮೇಲಿನದು. ಮೊದಲನೆಯದರಲ್ಲಿ ಜಾಸ್ತಿ, ಎರಡನೆಯದರಲ್ಲಿ ಕಮ್ಮಿ ಬಂದರೆ ಕಳ್ಳ ಪೈಪಿನಲ್ಲೇ ಇರುವ ಸಾಧ್ಯತೆ ಹೆಚ್ಚು. ಎರಡರಲ್ಲೂ ಒಂದೇ ಥರ ಬಂದರೆ ಸಂಪಿನ ಕಡೆ, ಟ್ಯಾಂಕರ್ ಕಡೆ ನೋಡಬೇಕು. ಜೊತೆಗೆ ಲ್ಯಾಬಿನದೇ ಶುದ್ಧ ನೀರಿನ ಇನ್ನೊಂದು ಬಾಟಲಿ ಕೇಳಿ ಪಡೆಯಿರಿ. ನಿಮ್ಮ ಮನೆಯಲ್ಲಿ ಮುಚ್ಚಳ ತೆಗೆದು, ಮತ್ತೆ ಹಾಕಿ, ಹಾಗೇ ವಾಪಸ್ ಕೊಡಿ. ಅದರಲ್ಲೂ ಥ್ಯಾಲೇಟ್ ಕಂಡರೆ ಅದು ಕೈಯಿಂದಲೋ ಲ್ಯಾಬಿನಿಂದಲೋ ಸೇರಿದ್ದು. ದುಡ್ಡು ಉಳಿಸಲು ಜನ ಬಿಡುವುದು ಇದನ್ನೇ, ನಾನಾದರೆ ಬಿಡುವುದಿಲ್ಲ.

ಬಾಟಲಿಗಳನ್ನು ಐಸ್ ಹಾಕಿದ ಡಬ್ಬದಲ್ಲಿಟ್ಟು ಅದೇ ದಿನ ತಲುಪಿಸಿ.

ರಿಪೋರ್ಟ್ ಓದುವಾಗ

ಮೊದಲು ಅಳತೆ ಯಾವುದೆಂದು ನೋಡಿ. ಡಿಇಎಚ್‌ಪಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 8 ಮೈಕ್ರೊಗ್ರಾಂ, ಅಮೆರಿಕದ್ದು 6. ರಿಪೋರ್ಟ್ ಮಿಲಿಗ್ರಾಂನಲ್ಲಿದ್ದರೆ 8 ಎಂಬುದು 0.008 ಆಗುತ್ತದೆ. ಸಾವಿರ ಲೀಟರಿನ ಟ್ಯಾಂಕಿಗೆ ಇದು 8 ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಮ್ಮಿ.

ಇಷ್ಟು ಬಿಗಿ ಯಾಕೆ? ಇಲಿಗಳಲ್ಲಿ ಇದು ಯಕೃತ್ತಿಗೆ ತೊಂದರೆ ಮಾಡಿದೆ, ಹೊಟ್ಟೆಯಲ್ಲಿರುವ ಗಂಡು ಮರಿಗಳ ವೃಷಣದ ಬೆಳವಣಿಗೆ ಕೆಡಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮಾಡಿರುವ, ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ 2ಬಿ ಗುಂಪಿನಲ್ಲೂ ಇದರ ಹೆಸರಿದೆ. 'ಬರಬಹುದು' ಎಂದಷ್ಟೇ ಅದರ ಅರ್ಥ, 'ಬರುತ್ತದೆ' ಎಂದಲ್ಲ. ಬಸುರಿಯರು, ಎಳೆ ಮಕ್ಕಳಿರುವ ಮನೆಯಲ್ಲಿ ಎಚ್ಚರ ಜಾಸ್ತಿ ಇರಲಿ. ದೇಹಕ್ಕೆ ಸೇರಿದ್ದರಲ್ಲಿ ಹೆಚ್ಚಿನ ಪಾಲು ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೋಗುತ್ತದೆ. ಹಾಗಾಗಿ ಮೂಲ ನಿಲ್ಲಿಸಿದರೆ ಫಲ ಬೇಗ ಕಾಣುತ್ತದೆ. ಅಂದಹಾಗೆ, ಸಾಮಾನ್ಯ ಜನರಿಗೆ ಇದು ನೀರಿಗಿಂತ ಊಟದಿಂದಲೇ ಹೆಚ್ಚು ಸೇರುತ್ತದೆ. ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿಕೊಂಡು ಬಂದು ನೀರಿನ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಮಿತಿ ದಾಟಿದ್ದರೆ ಕುದಿಸಿ ಪ್ರಯೋಜನವಿಲ್ಲ. ಈ ಎಣ್ಣೆ ಕುದಿಯಲು 380 ಡಿಗ್ರಿ ದಾಟಬೇಕು, ಅಷ್ಟರಲ್ಲಿ ನೀರೇ ಆವಿಯಾಗಿರುತ್ತದೆ. ಕಾರ್ಬನ್ ಫಿಲ್ಟರ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಕಾರ್ಟ್ರಿಜ್ ಅನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಅದಕ್ಕೂ ಮೊದಲು ಪೈಪು ಬದಲಿಸಿ, ಆಹಾರ ದರ್ಜೆಯದ್ದೇ ಕೇಳಿ ತನ್ನಿ. ಒಂದೆರಡು ವಾರ ಬಿಟ್ಟು ಬೆಳಗಿನ ಮೊದಲ ನೀರನ್ನು ಮತ್ತೊಮ್ಮೆ ಕೊಡಿ. ನಮ್ಮ ಹಸಿರು ಪೈಪು ಈಗ ಹಿತ್ತಲಿನ ದಾಸವಾಳದ ಬುಡದಲ್ಲಿದೆ.